ಏಳನೆಯ ನಿಲ್ದಾಣದಲ್ಲಿ ನನ್ನ ಗಂಡ ಮಲಗಿದ್ದರು

ಹಳೇ ಬೀದಿಗಳ ನಡಿಗೆಯ ನಕ್ಷೆ ಅಚ್ಚು ಹಾಕಿಸುವ ಅಧಿಕಾರಿಗಳಿಗೆ,

ಮಾನ್ಯರೇ, ನಿಮ್ಮ ನಕ್ಷೆಯಲ್ಲಿ ಏಳನೆಯ ನಿಲ್ದಾಣವೆಂದು ಗುರುತಾಗಿರುವುದು ನನ್ನ ಮನೆ. ಅದನ್ನು ಅಲ್ಲಿಂದ ತೆಗೆಯಿರಿ. ನನ್ನ ಮಗಳು ಊರ್ಮಿಳಾ ಎರಡು ಸಲ ನಿಮ್ಮ ಭಾಷೆಯಲ್ಲಿ ಮರ್ಯಾದೆಯಿಂದ ಬರೆದಳು. "ಮುಂದಿನ ಮುದ್ರಣದ ವೇಳೆ ಪರಿಶೀಲಿಸಲಾಗುವುದು" ಎಂದು ಎರಡು ಸಲವೂ ಉತ್ತರ ಬಂತು. ಈಗ ನಾನು ನನ್ನ ಭಾಷೆಯಲ್ಲಿ, ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ. ಮೊಮ್ಮಗಳು ಶ್ರೇಯಾ ಇದನ್ನು ಡಚ್ಚಿಗೆ ತಿರುಗಿಸುತ್ತಾಳೆ. ಒಂದು ಮಾತನ್ನೂ ಮೆದು ಮಾಡಕೂಡದೆಂದು ಅವಳಿಗೆ ಹೇಳಿದ್ದೇನೆ.

ಕೊರೊನಾ ಬಂದು ಮ್ಯೂಸಿಯಂಗಳಿಗೆ ಬೀಗ ಬಿದ್ದಾಗ, ಜನ ಗೈಡ್ ಇಲ್ಲದೆ ತಾವೇ ನಕ್ಷೆ ಹಿಡಿದು ಊರು ನೋಡಲಿ ಎಂದು ನೀವು ಯೋಚಿಸಿದಿರಿ. ತಪ್ಪಲ್ಲ. ನಮ್ಮ ಮುಂಗೋಣೆಯ ಗೋಡೆಯಲ್ಲಿ ಮುನ್ನೂರು ವರ್ಷದ ನೀಲಿ ಟೈಲ್ಸ್ ಇದೆ, ಜನ ಕಿಟಕಿಯಿಂದ ನೋಡಬಹುದೇ ಎಂದು ಕೇಳಿದಿರಿ. ಊರ್ಮಿಳಾ ಒಪ್ಪಿದಳು, ಅದನ್ನು ನಾನು ಮುಚ್ಚಿಡುವುದಿಲ್ಲ. ಆಗ ನನ್ನ ಗಂಡ ಹರಿಶ್ಚಂದ್ರ ದಿನಕ್ಕೆ ನಾಲ್ಕು ಸಲ ಮಹಡಿ ಹತ್ತಿ ಇಳಿಯುತ್ತಿದ್ದರು. ಎರಡೇ ತಿಂಗಳಲ್ಲಿ ಲಿವರ್ ಕೈಕೊಟ್ಟಿತು. ಈ ದೇಶದ ಏಣಿಯಂಥ ಮೆಟ್ಟಿಲಲ್ಲಿ ರೋಗಿಯನ್ನು ಹೊತ್ತು ಹತ್ತಿಸಲಾಗದೆ ಅವರ ಹಾಸಿಗೆಯನ್ನು ಮುಂಗೋಣೆಗೇ ತಂದೆವು. ನಿಮ್ಮ ಟೈಲ್ಸಿನ ಕೆಳಗೆ.

ಪರದೆ ಎಳೆಯಬಾರದಿತ್ತೇ ಎಂದು ನೀವು ಕೇಳಬಹುದು. ಎಳೆದಿದ್ದೆ. ಬೆಳಕು ಬೇಕೆಂದು ಅವರೇ ತೆಗೆಸಿದರು. "ನೋಡಲಿ ಬಿಡು ಮಾರಾಯ್ತಿ, ನನ್ನನ್ನು ನೋಡ್ಲಿಕ್ಕೆ ಟಿಕೇಟು ಉಂಟಾ?" ಎಂದು ನಗುತ್ತಿದ್ದರು. ಕಿಟಕಿಗೆ ಮುಖ ಕೊಟ್ಟವರಿಗೆಲ್ಲ ಮಲಗಿದಲ್ಲಿಂದಲೇ ಕೈ ಎತ್ತುತ್ತಿದ್ದರು. ಅಂಗಡಿಗಳ ಮುಂದೆ ಒಂದೂವರೆ ಮೀಟರ್ ದೂರಕ್ಕೆ ಅಂಟಿಸಿದ ವೃತ್ತಗಳ ಮೇಲೆ ನಿಂತು ರೂಢಿಯಾದ ನಿಮ್ಮ ಪ್ರವಾಸಿಗರು, ನಾನು ಬೆಳಗ್ಗೆ ಹೊಸ್ತಿಲ ಮುಂದೆ ಹಾಕಿದ ರಂಗೋಲಿಯನ್ನೂ ನಿಲ್ಲುವ ಜಾಗದ ಗುರುತೆಂದು ತಿಳಿದರು. ಬೂಟುಗಾಲಿನಲ್ಲಿ ಅದರ ನಟ್ಟನಡುವೆ ನಿಂತು ಪಕ್ಕದ ಕಿಟಕಿಯಿಂದ ಒಳಗೆ ಇಣುಕಿದರು. ಎಷ್ಟು ಶಿಸ್ತು!

ಕಳೆದ ಮಾರ್ಚಿನಲ್ಲಿ ಒಂದು ಮನೆಗೆ ದಿನಕ್ಕೆ ಒಬ್ಬರೇ ಅತಿಥಿ ಎಂಬ ನಿಯಮವಿತ್ತು. ಒಂದು ಬುಧವಾರ ಅವರ ಗೆಳೆಯ ಅನಂತರಾಮ ಹಾರ್ಲೆಮ್‌ನಿಂದ ಬಂದು ಕೂತಿದ್ದರು. ಅಷ್ಟರಲ್ಲಿ ನನ್ನ ನಾದಿನಿ ವಸಂತಿ, ಅಣ್ಣನಿಗೆ ಜೋರಾಗಿದೆ ಎಂದು ಕೇಳಿ, ರಾಟರ್‌ಡ್ಯಾಮ್‌ನಿಂದ ರೈಲು ಹತ್ತಿ ಬಂದುಬಿಟ್ಟಳು. ನಾನು ಬಾಗಿಲನ್ನು ಅರ್ಧ ತೆರೆದೆ.

"ಅತ್ತಿಗೆ, ಐದು ನಿಮಿಷ. ಮುಖ ನೋಡಿ ಹೋಗ್ತೇನೆ."

"ಇವತ್ತಿನ ಒಬ್ಬರು ಬಂದಾಯ್ತು ವಸಂತಿ. ಶನಿವಾರ ನಿನ್ನ ಸರದಿ."

"ನಾನೂ ಅತಿಥಿಯಾ, ಅತ್ತಿಗೆ?"

"ನಿಯಮ ಎಲ್ಲರಿಗೂ ಒಂದೇ."

ಹಾಗೆ ಹೇಳಿ ಬಾಗಿಲು ಹಾಕಿದವಳು ನಾನು. ನಾನು ಎಲ್ಲಿಯೂ ಸರದಿ ತಪ್ಪಿಸಿದವಳಲ್ಲ; ತಪ್ಪಿಸಿದವರನ್ನು ಸುಮ್ಮನೆ ಬಿಟ್ಟವಳೂ ಅಲ್ಲ.

ವಸಂತಿ ಹೋಗಲಿಲ್ಲ. ಯಾರಿಂದಲೋ ನಿಮ್ಮ ನಕ್ಷೆ ಕೇಳಿ ಪಡೆದು ಪ್ರವಾಸಿಗರ ಸಾಲಿನಲ್ಲಿ ನಿಂತಳು. ಟೋಪಿ ತಗ್ಗಿಸಿ ಮಾಸ್ಕು ಏರಿಸಿಕೊಂಡಿದ್ದಳು, ಮೊದಲಿಗೆ ನನಗೂ ಗುರುತು ಸಿಗಲಿಲ್ಲ. ಸರದಿ ಬಂದಾಗ ಅವಳೊಬ್ಬಳು ರಂಗೋಲಿ ತುಳಿಯದೆ ಪಕ್ಕಕ್ಕೆ ನಿಂತಳು. ಅದರಿಂದಲೇ ನನಗೆ ತಿಳಿದದ್ದು. ಗಾಜಿಗೆ ಅಂಗೈ ಒತ್ತಿ ನೋಡಿದಳು. ಹಾಸಿಗೆಯಿಂದ ಇವರು ಕೈ ಎತ್ತಿದರು. ತಂಗಿಯೆಂದು ಎತ್ತಿದರೋ, ಏಳನೆಯ ನಿಲ್ದಾಣದ ಇನ್ನೊಬ್ಬ ಪ್ರವಾಸಿಯೆಂದು ಎತ್ತಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ. "ಮೇಡಂ, ನಾವೂ ಕಾಯುತ್ತಿದ್ದೇವೆ" ಎಂದು ಹಿಂದಿನವರು ಅವಳನ್ನು ಸರಿಸಿದರು. ಶುಕ್ರವಾರ ಇವರು ತೀರಿಕೊಂಡರು. ಶನಿವಾರ ಅವಳ ಸರದಿ ಇತ್ತು.

ಮಾನ್ಯರೇ, ಒಂದು ಅನುಮಾನ ಪರಿಹರಿಸಿ. ಒಳಗೆ ಬಂದ ತಂಗಿಯಿಂದ ರೋಗ ಹರಡುತ್ತದೆ. ಬಾಗಿಲಲ್ಲಿ ಸಾಲುಗಟ್ಟಿದ ನಲವತ್ತು ಅಪರಿಚಿತರಿಂದ ಪರಂಪರೆ ಮಾತ್ರ ಹರಡುತ್ತದೆಯೇ? ಸಾಯುವವನ ಕೋಣೆ ಯಾವ ಶತಮಾನದ್ದಾದರೆ ಅದು ನೋಟದ ವಸ್ತುವಾಗುತ್ತದೆ?

ಸೂತಕದಲ್ಲಿ ನಮ್ಮಲ್ಲಿ ರಂಗೋಲಿ ಹಾಕುವುದಿಲ್ಲ. ಹತ್ತನೆಯ ದಿನ ನಿಮ್ಮ ಕಚೇರಿಯಿಂದ ಪತ್ರ ಬಂತು. ಸಂತಾಪವಿರಬೇಕೆಂದು ಶ್ರೇಯಾಳಿಂದ ಓದಿಸಿದೆ. ಅವಳು ಅರ್ಧಕ್ಕೆ ನಿಲ್ಲಿಸಿ, "ಬೇಡ ಅಜ್ಜಿ, ಇಟ್ಸ್ ನಥಿಂಗ್" ಎಂದಳು. ಓದು ಎಂದೆ. ಬಾಗಿಲ ಬಳಿಯ ಸುಂದರ ಬಿಳಿ ಗುರುತು ಕಾಣೆಯಾಗಿದೆ, ಸಂದರ್ಶಕರಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯುತ್ತಿಲ್ಲ, ದಯವಿಟ್ಟು ಮತ್ತೆ ಬರೆಯಿರಿ ಎಂದಿತ್ತು. ಸೂತಕ ಕಳೆದ ಮೇಲೂ ನಾನು ರಂಗೋಲಿ ಪುಡಿ ಮುಟ್ಟಿಲ್ಲ.

ಬರುವ ತಿಂಗಳು ಇವರ ವರ್ಷಾಂತಿಕ. ವಸಂತಿಯನ್ನು ನಾನೇ ಫೋನು ಮಾಡಿ ಕರೆದಿದ್ದೇನೆ. "ಈ ಸಲ ಬಾಗಿಲಿಂದ ಬರಬಹುದಾ, ಅತ್ತಿಗೆ?" ಎಂದಳು. ಬರುತ್ತಾಳೆ. ಅಷ್ಟರೊಳಗೆ ಕಿಟಕಿಯ ಕೆಳಗೆ ನೀವು ಹೊಡೆಸಿದ ಏಳರ ಫಲಕವನ್ನು ಕಿತ್ತುಕೊಂಡು ಹೋಗಿ. ನಕ್ಷೆಯಲ್ಲಿ ಆರರ ಮುಂದೆ ಎಂಟು ಬಂದರೆ ನಿಮ್ಮ ಊರೇನೂ ಬಿದ್ದುಹೋಗುವುದಿಲ್ಲ. ವರ್ಷಾಂತಿಕದ ಮರುದಿನ ಬೆಳಗ್ಗೆ ನಾನು ಮತ್ತೆ ರಂಗೋಲಿ ಹಾಕುತ್ತೇನೆ. ಅದನ್ನು ದಾಟಿ ಒಳಗೆ ಬರುವವರು ಬರಲಿ. ಅದರ ಮೇಲೆ ಯಾರೂ ನಿಲ್ಲಕೂಡದು.

ಇಂತಿ,
ನಿಯಮ ಪಾಲಿಸಿದ ತಪ್ಪಿತಸ್ಥೆ,
ಜಲಜಾಕ್ಷಿ
ಸದ್ಯದ ವಿಳಾಸ: ಏಳನೆಯ ನಿಲ್ದಾಣ