ಎತ್ವವಿಲ್ಲದ ಗಡ್ಡೆ

ಮಂಗಳವಾರ, ಪ್ರೆಸ್ಸಿನಲ್ಲಿ, ಊಟದ ಬಿಡುವು

ಅಕ್ಕನಿಗೆ ನಮಸ್ಕಾರ. ಚೆನ್ನಾಗಿದ್ದೀಯಾ ಎಂದು ಕೇಳುವುದಿಲ್ಲ. ನೀನು ಚೆನ್ನಾಗಿಯೇ ಇರುತ್ತೀಯ.

ಮೊದಲು ಮುಖ್ಯವಾದ ಮಾತು. ನಿನ್ನ ಮೇಜಿನ ಖಾನೆಯಲ್ಲಿ ನನ್ನ ಹೆಸರಿನ ಒಂದು ಫೈಲಿದೆ. ಬರುವ ಶುಕ್ರವಾರ ಅದು ಮುಂಗಡ ಮಂಜೂರಾತಿಗೆ ಅಂತ ವಿಮಾ ಕಂಪನಿಗೆ ಹೋಗಬೇಕಂತೆ. ಹೋಗಕೂಡದು. ಹೋದರೆ ನನ್ನ ಮಗು ನನ್ನ ಹೊಟ್ಟೆಯಲ್ಲೇ ಹುಟ್ಟಿತು ಎನ್ನಲು ಒಂದು ಚೂರು ನಿಜವಾದ ಕಾಗದವೂ ಇರುವುದಿಲ್ಲ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ನನಗೆ ಬಾಯಿ ತೆಗೆಯಲು ಬಿಡುವವಳಲ್ಲ, ನಾನು ಹಲೋ ಅನ್ನುವಷ್ಟರಲ್ಲಿ ಬುದ್ಧಿ ಹೇಳಿ ಮುಗಿಸಿರುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಸಂಜೆ ನಿಮ್ಮ ನರ್ಸಿಂಗ್ ಹೋಮಿನ ಕೌಂಟರಿನಲ್ಲಿ ಇದನ್ನು ನಾನೇ ಕೊಟ್ಟು, ನಿನ್ನ ಮುಖ ನೋಡದೆ ಹೋಗುತ್ತೇನೆ.

ನನಗೆ ಹೇಗೆ ಗೊತ್ತಾಯಿತು ಅಂತ ತಾನೇ? ಹೇಳುತ್ತೇನೆ ಕೇಳು.

ಕಳೆದ ತಿಂಗಳು ನಿಮ್ಮ ಡಾಕ್ಟರಮ್ಮ, ಮಗು ಅಡ್ಡ ಮಲಗಿದೆ, ತಿರುಗದಿದ್ದರೆ ಆಪರೇಷನ್ನೇ ಆಗಬೇಕು ಎಂದರಲ್ಲ, ಅವತ್ತೇ ಮನೆಗೆ ಬಂದು ಇವರ ಲಿಫ್ಟ್ ಕಂಪನಿಯವರು ಕೊಟ್ಟ ವಿಮೆಯ ಪುಸ್ತಕವನ್ನು ಗೆರೆ ಬಿಡದೆ ಓದಿದೆ. ಹದಿನಾಲ್ಕನೇ ಪುಟದ ಕೆಳಗೆ, ಇರುವೆಯಂಥ ಅಕ್ಷರದಲ್ಲಿ ಇತ್ತು: ಗರ್ಭಧಾರಣೆ, ಹೆರಿಗೆ ಹಾಗೂ ತತ್ಸಂಬಂಧಿತ ವೆಚ್ಚಗಳು ಒಳಪಡುವುದಿಲ್ಲ. ಲಿಫ್ಟಿನ ಗುಂಡಿಗೆ ಬಿದ್ದು ಕಾಲು ಮುರಿದುಕೊಂಡರೆ ಕೊಡುತ್ತಾರೆ, ನಾಯಿ ಕಚ್ಚಿದರೆ ಕೊಡುತ್ತಾರೆ, ಹೆತ್ತರೆ ಮಾತ್ರ ಇಲ್ಲ! ನಿಮ್ಮಲ್ಲಿ ಆಪರೇಷನ್ನಿಗೆ ಆಗುವ ಖರ್ಚು ಇವರ ಐದು ತಿಂಗಳ ಸಂಬಳ. ಅವತ್ತು ಇವರ ಮುಖ ನೋಡಲಾಗುತ್ತಿರಲಿಲ್ಲ. ಒಂದೇ ವಾರ, ಗೆಲುವಾಗಿಬಿಟ್ಟರು. "ಎಲ್ಲಾ ಆಗುತ್ತೆ ಬಿಡೇ, ನೀನ್ಯಾಕೆ ತಲೆ ಕೆಡಿಸ್ಕೋತೀಯಾ" ಎಂದರು. ಸಾಲ ಮಾಡದೆ, ಏನೂ ಮಾರದೆ ಗೆಲುವಾಗುವ ಗಂಡಸನ್ನು ನಂಬುವುದು ಹೇಗೆ ಹೇಳು.

ಆಮೇಲೆ ಶುರುವಾಯಿತು ಉಪಚಾರ. ಇದ್ದಕ್ಕಿದ್ದಂತೆ ಕಾಲು ಒತ್ತುವುದು, ಪಾತ್ರೆ ತೊಳೆಯುವುದು, ಫೋನ್ ಬಂದರೆ ಮಹಡಿ ಮೆಟ್ಟಿಲಿಗೆ ಓಡುವುದು. ಒಂದು ದಿನ ಹನ್ನೆರಡು ನಿಮಿಷ ಮಾತಾಡಿ ಬಂದರು. ಯಾರು ಎಂದೆ. ರಾಂಗ್ ನಂಬರ್ ಅಂದರು. ರಾಂಗ್ ನಂಬರಿಗೆ ಯಾರಾದರೂ "ಹೂಂ ಅತ್ತಿಗೆ, ಆಯ್ತು ಅತ್ತಿಗೆ" ಅನ್ನುತ್ತಾರಾ ಅಕ್ಕಾ? ಬಾಗಿಲ ಹಿಂದೆ ನಾನು ಕಿವಿಯಾಗಿ ನಿಂತಿದ್ದೆ. ನಾಚಿಕೆ ಬಿಟ್ಟು ಬರೆಯುತ್ತೇನೆ, ನಿಮ್ಮಿಬ್ಬರ ಮೇಲೆ ಬರಬಾರದ ಅನುಮಾನವೇ ಬಂತು. ಹೊಟ್ಟೆ ಹೊತ್ತು ಕೂತವಳಿಗೆ ಏನೇನೋ ಹೊಳೆಯುತ್ತದೆ. ನಗಬೇಡ, ಎರಡು ದಿನ ನಾನು ನಿನ್ನನ್ನು ದ್ವೇಷಿಸಿದ್ದೇನೆ.

ಅದೇ ವಾರ ನೀನು ಬಂದು ಅಮ್ಮನ ಹಳೇ ಆಸ್ಪತ್ರೆ ಫೈಲು ಕೇಳಿದೆ. ಯಾಕೆ ಅಂದರೆ, "ಸುಮ್ನೆ, ನನ್ ಹತ್ರ ಇರಲಿ ಅಂತ" ಎಂದೆ. ಒಂಬತ್ತು ವರ್ಷ ನನ್ನ ಪೆಟ್ಟಿಗೆಯಲ್ಲಿದ್ದದ್ದು ಈಗ ನಿನಗ್ಯಾಕೆ? ಕೇಳಲಿಲ್ಲ. ತೆಗೆದು ಕೊಟ್ಟೆ.

ಆಮೇಲೆ ಇವರು ಒಂದು ಕಾಗದ ಮಡಚಿ ಹಿಡಿದು, ಕೆಳಗೆ ಒಂದು ಸೈನ್ ಹಾಕು ಎಂದರು. ಓದದೆ ಹಾಕಲ್ಲ ಎಂದೆ. ನಾಳೆ ನೋಡೋಣ ಅಂತ ಒಳಗಿಟ್ಟುಕೊಂಡರು. ದಿನವೆಲ್ಲಾ ಕರಡು ತಿದ್ದುವವಳ ಹತ್ತಿರ ಓದದೆ ಸೈನ್ ಹಾಕಿಸಲು ಹೊರಟ ಗಂಡಸಿಗೆ ಏನೆನ್ನಬೇಕೋ! ಇವರು ಸ್ನಾನಕ್ಕೆ ಹೋದಾಗ ಟೂಲ್ ಬ್ಯಾಗ್ ತಡಕಿದೆ. ಹೌದು, ತಡಕಿದೆ. ಟೆಸ್ಟರು, ಗ್ರೀಸ್ ಡಬ್ಬಿ, ಅದರಡಿ ನಿಮ್ಮ ನರ್ಸಿಂಗ್ ಹೋಮಿನ ಕಾಗದ. ಮೇಲೆ ನನ್ನ ಹೆಸರು. ನಡುವೆ ಗರ್ಭಕೋಶ, ಗಡ್ಡೆ, ತೆಗೆಯತಕ್ಕದ್ದು. ಮುಂದೆ ಓದಲು ಆಗಲಿಲ್ಲ, ಇದ್ದ ಹಾಗೇ ಮಡಚಿಟ್ಟೆ.

ಅಮ್ಮ ಹೋಗಿದ್ದು ಅದರಿಂದಲೇ ಅಲ್ಲವಾ ಅಕ್ಕಾ. ಆ ಪದ ನಮ್ಮ ಮನೆಯಲ್ಲಿ ಒಂಬತ್ತು ವರ್ಷದಿಂದ ಯಾರೂ ಆಡಿದ್ದಿಲ್ಲ. ನನಗೆ ಎಲ್ಲವೂ ಕೂಡಿಕೊಂಡಿತು. ಉಪಚಾರ ಅದಕ್ಕೆ, ಮೆಟ್ಟಿಲ ಮೇಲಿನ ಪಿಸುಮಾತು ಅದಕ್ಕೆ, ಅಮ್ಮನ ಫೈಲು ಅದಕ್ಕೆ. ನಾನು ಉಳಿಯುವುದಿಲ್ಲ, ಎಲ್ಲರಿಗೂ ಗೊತ್ತು, ನನಗೊಬ್ಬಳಿಗೆ ಹೇಳುತ್ತಿಲ್ಲ. ಹನ್ನೊಂದು ದಿನ ಹೀಗೆ ಬದುಕಿದೆ. ಮಗು ಒದ್ದಾಗಲೆಲ್ಲ, ಪಾಪ ಇದಕ್ಕೆ ಗೊತ್ತಿಲ್ಲ ಎಂದು ಅಳು ಬರುತ್ತಿತ್ತು. ಆ ಭಾನುವಾರ ನೀನು ಮನೆಗೆ ಬಂದು ಗಲಗಲ ಮಾತಾಡುತ್ತಿದ್ದಾಗ ನಿನ್ನ ಮುಖವನ್ನೇ ನೋಡುತ್ತಿದ್ದೆ. ಎಂಥ ಗಟ್ಟಿಗಿತ್ತಿ ಇವಳು, ತಂಗಿ ಸಾಯುತ್ತಾಳೆ ಎಂದು ಗೊತ್ತಿದ್ದೂ ಕಾಫಿಗೆ ಸಕ್ಕರೆ ಸಾಲದು ಅನ್ನುತ್ತಾಳಲ್ಲ ಎಂದುಕೊಂಡೆ.

ಹನ್ನೆರಡನೇ ದಿನ, ಮೊನ್ನೆ ಶುಕ್ರವಾರ, ಪ್ರೆಸ್ಸಿನಲ್ಲಿ ಬೈಸಿಕೊಂಡೆ. ಒಂದು ಅಂಗಡಿಯ ಕರಪತ್ರದಲ್ಲಿ ‘ರಿಯಾಯಿತಿ’ ಹೋಗಿ ‘ರಿಯಾಯಿ’ ಆಗಿ ಸಾವಿರ ಪ್ರತಿ ಅಚ್ಚಾಗಿತ್ತು. ಮಾಲೀಕರು, "ಏನಮ್ಮಾ, ಸ್ಕೇಲ್ ಇಟ್ಟು ಓದೋದು ಮರೆತೋಯ್ತಾ?" ಎಂದರು. ನಾವು ಕರಡಿನ ಮೇಲೆ ಸ್ಕೇಲ್ ಇಟ್ಟು, ಕೆಳಗಿನದು ಮುಚ್ಚಿ, ಒಂದೊಂದೇ ಗೆರೆ ಓದುತ್ತೇವೆ. ಇಲ್ಲದಿದ್ದರೆ ಕಣ್ಣು ತನಗೆ ಬೇಕಾದದ್ದನ್ನು ಓದಿಕೊಂಡು ಹೋಗಿಬಿಡುತ್ತದೆ. ಸಂಜೆ ಮನೆಗೆ ಹೋಗಿ, ಇವರು ಟೂಲ್ ಬ್ಯಾಗ್ ಇಟ್ಟು ಅಂಗಡಿಗೆ ಹೋದಾಗ, ಆ ಕಾಗದ ತೆಗೆದು ಅದರ ಮೇಲೂ ಸ್ಕೇಲ್ ಇಟ್ಟೆ.

‘ಗರ್ಭಕೋಶದಲ್ಲಿ ದೊಡ್ಡ ಗಡ್ಡ ಇದ್ದು, ತೆಗೆಯತಕ್ಕದ್ದು.’

ಗಡ್ಡ! ನನ್ನ ಗರ್ಭಕೋಶದಲ್ಲಿ ದೊಡ್ಡ ಗಡ್ಡ! ಹನ್ನೊಂದು ದಿನ ನನ್ನ ಭಯವೇ ಎತ್ವ ಹಾಕಿಕೊಂಡು ಓದಿತ್ತು. ಈ ಜಗತ್ತಿನಲ್ಲಿ ಹೀಗೆ ಎತ್ವ ನುಂಗುವವಳು ಒಬ್ಬಳೇ. ಶಾಲೆಯಲ್ಲಿ ‘ಕತ್ತೆ ಹೊರೆ ಹೊತ್ತಿತು’ ಎಂಬುದನ್ನು ‘ಕತ್ತ ಹೊರ ಹೊತ್ತಿತು’ ಎಂದು ಬರೆದು ಬೆಂಚಿನ ಮೇಲೆ ನಿಂತವಳು. ಡಾಕ್ಟರು ಬರೆದದ್ದಲ್ಲ ಇದು, ನೀನು ಟೈಪ್ ಮಾಡಿದ್ದು. ಸ್ಕೇಲ್ ಕೆಳಗಿಳಿಸಿದೆ. ರೋಗಿಯ ವಯಸ್ಸು, ಐವತ್ತಮೂರು. ಅಮ್ಮನ ವಯಸ್ಸು. ಅವಳ ರಿಪೋರ್ಟನ್ನು ನೋಡಿ ಟೈಪ್ ಮಾಡುವಾಗ ಹೆಸರು ಬದಲಾಯಿಸಿದೆ, ವಯಸ್ಸು ಮರೆತೆ. ನೆಲದ ಮೇಲೆ ಕೂತು ನಕ್ಕೆ. ಆಮೇಲೆ ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ.

ಇವರು ಬಂದರು. ಕಾಗದ ಮುಂದಿಟ್ಟೆ. ನಿನ್ನನ್ನು ಕಾಪಾಡುತ್ತಾರೆ ಅಂದುಕೊಂಡಿದ್ದೀಯಾ? ಮೊದಲ ಮಾತೇ, "ನಿಮ್ಮಕ್ಕನ ಐಡಿಯಾ ಕಣೇ, ನಂದಲ್ಲ." ಎಲ್ಲವೂ ಹೊರಬಂತು. ಹೆರಿಗೆಗೆ ವಿಮೆ ಇಲ್ಲ, ಗಡ್ಡೆಗೆ ಇದೆ. ಆದ್ದರಿಂದ ಕಾಗದದಲ್ಲಿ ಗಡ್ಡೆ ತೆಗೆದ ಹಾಗೆ, ಮಗು ಮಾತ್ರ ಮನೆಯಲ್ಲಿ ಹುಟ್ಟಿತು ಎಂದು ನಿನಗೆ ಗೊತ್ತಿರುವ ಸೂಲಗಿತ್ತಿ ಬರೆದುಕೊಡುವ ಹಾಗೆ. ನನಗೆ ಹೇಳಬೇಡ ಎಂದವಳೂ ನೀನೇ, "ಅವಳು ಪೊಲೀಸಮ್ಮ, ಕೆಲಸ ಕೆಡಿಸ್ತಾಳೆ" ಅಂದೆಯಂತೆ.

ಹೌದು, ಕೆಡಿಸುತ್ತೇನೆ. ನಾಳೆ ಯಾರೋ ಒಬ್ಬ ಗುಮಾಸ್ತ ಎರಡೂ ಕಾಗದ ಒಟ್ಟಿಗಿಟ್ಟುಕೊಂಡು, ಗರ್ಭಕೋಶದ ಗಡ್ಡೆ ತೆಗೆಸಿಕೊಂಡ ದಿನವೇ ಮನೆಯಲ್ಲಿ ಹೇಗಮ್ಮಾ ಹೆತ್ತೆ ಎಂದರೆ ನಾನೇನು ಹೇಳಲಿ? ಇದು ಯಾರ ಮಗು ಎಂದರೆ? ನಿನ್ನ ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ಅದೂ ಇರಲಿ. ಅಮ್ಮನನ್ನು ತಿಂದ ಕಾಯಿಲೆಯ ಹೆಸರನ್ನು ನನ್ನ ಮಗುವಿಗೆ ಇಡಲು ನಿನಗೆ ಮನಸ್ಸಾದರೂ ಹೇಗೆ ಬಂತು? ಇದರಲ್ಲಿ ನಿನಗೇನಾದರೂ ಸಿಗುತ್ತದಾ ಎಂದೂ ಇವರನ್ನು ಕೇಳಿದೆ. ಇಲ್ಲ ಎಂದರು. ನಂಬಿದ್ದೇನೆ, ಮುಕ್ಕಾಲು ಪಾಲು.

ಶನಿವಾರ ದೊಡ್ಡಾಸ್ಪತ್ರೆಗೆ ಹೋಗಿ ಬೆಳಗಿನಿಂದ ಸಾಲಿನಲ್ಲಿ ನಿಂತು ಚೀಟಿ ಮಾಡಿಸಿದೆ. ಅಲ್ಲಿ ಖರ್ಚು ನಮ್ಮ ಕೈಗೆ ಎಟುಕುತ್ತದೆ. ಮಂಚಕ್ಕೆ ಇಬ್ಬಿಬ್ಬರು, ಫ್ಯಾನು ತಿರುಗುವುದಕ್ಕಿಂತ ಸದ್ದು ಮಾಡುವುದೇ ಹೆಚ್ಚು. ನೀನು ಮೂಗು ಮುರಿಯುತ್ತೀಯ, ಮುರಿ. ನರ್ಸಮ್ಮ ಹೊಟ್ಟೆ ಮುಟ್ಟಿ, "ಇನ್ನೂ ಅಡ್ಡನೇ ಇದೆ, ಹಟಮಾರಿ" ಎಂದು ಇಪ್ಪತ್ತೊಂದನೇ ತಾರೀಕು ಕೊಟ್ಟರು. ಕಾಯಿಲೆ ಏನು ಎಂಬಲ್ಲಿ ಹೆರಿಗೆ ಎಂದು ಬರೆದರು. ಆ ಎರಡು ಎತ್ವವನ್ನೂ ಸರಿಯಾಗಿ ನೋಡಿಕೊಂಡು ಬಂದೆ.

ಫೈಲು ಹರಿದುಹಾಕು. ಅಮ್ಮನ ಕಾಗದಗಳನ್ನು ವಾಪಸು ಕೊಡು. ಇಪ್ಪತ್ತೊಂದಕ್ಕೆ ರಜೆ ಹಾಕು, ಜೊತೆಗೆ ಹೆಂಗಸೇ ಇರಬೇಕಂತೆ.

ಇಂತಿ,
ಇನ್ನೂ ಕೋಪ ಇಳಿಯದ
ನಿನ್ನ ತಂಗಿ

ಮರೆತಿದ್ದೆ: ಸಾಯುತ್ತೇನೆ ಅಂದುಕೊಂಡಿದ್ದ ಆ ಹನ್ನೊಂದು ದಿನಗಳಲ್ಲಿ ಒಂದು ಚೀಟಿ ಬರೆದು ಅಕ್ಕಿ ಡಬ್ಬದ ತಳದಲ್ಲಿಟ್ಟಿದ್ದೆ, ನಾನಿಲ್ಲದಿದ್ದರೆ ಮಗುವನ್ನು ಯಾರು ಸಾಕಬೇಕು ಎಂದು. ಆಗ ನಿನ್ನ ಒಂದು ಮಾತನ್ನೂ ನಂಬುತ್ತಿರಲಿಲ್ಲ. ಆದರೂ ನಿನ್ನ ಹೆಸರೇ ಬರೆದಿದ್ದೇನೆ. ಹರಿಯೋಣ ಎಂದು ನಿನ್ನೆ ತೆಗೆದೆ, ಮತ್ತೆ ಅಲ್ಲೇ ಇಟ್ಟೆ. ಆಪರೇಷನ್ ಅಂದಮೇಲೆ ಆಪರೇಷನ್ನೇ ಅಲ್ಲವಾ.