ಹರಿಯಲಿಲ್ಲ, ಜಾರಿತು

28-9-98, ಸೋಮವಾರ
ಇನ್ನು ಮೇಲೆ ಎಲ್ಲರೂ ದಿನದ ಕೆಲಸ ಬರೆದಿಡಬೇಕಂತೆ. ಐಎಸ್‌ಓ ಸರ್ಟಿಫಿಕೇಟಿಗೆ, ಓನರ್ ಹುಕುಂ. ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಸಾಕಿ ಬಂದವನ ಕೈಗೆ ಡೈರಿ. ಓದುವವರು ಯಾರೂ ಇಲ್ಲ, ಅದೂ ಗೊತ್ತು... ಸರಿ.
ಹರ್ನಿಯಾ ಆಪರೇಷನ್ನಿನಲ್ಲಿ ಒಳಗಿಟ್ಟು ಹೊಲಿಯುವ ಮೆಶ್ ಮಾಡುವ ಶೆಡ್ಡು ನಮ್ಮದು. ಸೊಳ್ಳೆಪರದೆಯ ತುಂಡಿನ ಹಾಗಿರುತ್ತದೆ. ಪ್ರತಿ ಲಾಟಿನಿಂದ ಪಟ್ಟಿ ಕತ್ತರಿಸಿ ಮೆಷಿನ್ನಿನ ಎರಡು ದವಡೆಗೆ ಕಚ್ಚಿಸುವುದು ನನ್ನ ಕೆಲಸ. ಮೆಷಿನ್ ಗೊತ್ತುಮಾಡಿದ ಎಳೆತದವರೆಗೆ ಎಳೆಯುತ್ತದೆ. ಹರಿದರೆ ಲಾಟ್ ರಿಜೆಕ್ಟ್. ಹರಿಯದಿದ್ದರೆ ಪಾಸ್. ಬರೆದುಕೊಳ್ಳುವವಳು ಶಿವರಂಜಿನಿ, ಡಿಪ್ಲೊಮಾ ಹುಡುಗಿ.

30-9, ಆಯುಧಪೂಜೆ
ಹಿರಿಯ ಅಂತ ಪೂಜೆ ನನ್ನ ಕೈಲೇ. ಮೆಷಿನ್ ಒರೆಸಿ, ಎಣ್ಣೆ ಸವರಿ, ವಿಭೂತಿ ಬಳಿದೆ. ದವಡೆಗೂ ಬಳಿ, ಅನ್ನ ಹಾಕುವುದು ಅದೇ ಅಂದರು ಓನರ್ ಶಂಭುಲಿಂಗಪ್ಪ. ಬಳಿದೆ.

5-10
ಪಟ್ಟಿ ನಿಲ್ಲುತ್ತಿಲ್ಲ. ಎಣ್ಣೆ, ವಿಭೂತಿ ಸೇರಿ ದವಡೆಯ ಹಲ್ಲೆಲ್ಲ ಮೆತ್ತಿಕೊಂಡಿದೆ. ಎಳೆತ ಏರುವ ಮುಂಚೆಯೇ ನುಣುಚಿಕೊಂಡು ಬರುತ್ತದೆ. ಬ್ರಶ್ ತೆಗೆದುಕೊಂಡರೆ ಶಂಭುಲಿಂಗಪ್ಪ ಕೈ ಹಿಡಿದರು. ಪೂಜೆಯಾದದ್ದನ್ನು ದೀಪಾವಳಿವರೆಗೆ ಉಜ್ಜಬಾರದಂತೆ, ಲಕ್ಷ್ಮಿ ಹೋಗುತ್ತಾಳಂತೆ. ಪಟ್ಟಿ ಹರಿಯಿತಾ? ಇಲ್ಲ. ಹಾಗಾದರೆ ಪಾಸ್ — ಅಂದು ಹೊರಟರು.
"ಜಾರ್ದುದ್ದು ನಂಗೂ ಕಾಣ್ತು ತಾತ," ಅಂದಳು ಶಿವರಂಜಿನಿ. "ಫಾರಂನಲ್ಲಿ ಹರೀತು, ಹರೀನಿಲ್ಲ, ಎಲ್ಡೇ ಇರದು."
"ಮೂರ್ನೇದ ನೀನೇ ಬರಿ ಕಣಮ್ಮಿ. ಓದಿರದು ಯಾತುಕ್ಕೆ?"
ಬರೆಯಲಿಲ್ಲ. ಸಹಿ ಹಾಕಿ ಅಳುತ್ತ ಕೂತಳು. ಅಳುವವರನ್ನು ಕಂಡರೆ ನನಗೆ ಇನ್ನೂ ಕೋಪ.

8-10
ಲಾಟ್ ಹೋಯಿತು. ಗುಂಡ್ಲುಪೇಟೆಯ ನರ್ಸಿಂಗ್ ಹೋಮಿಗೆ.

9-10, ಸಂಜೆ
ಗುಂಡ್ಲುಪೇಟೆಯಿಂದ ತಮ್ಮ ಮುದ್ದಯ್ಯ ಬಂದಿದ್ದ. ಅರಿಶಿನದ ಮೂಟೆ ಹೊತ್ತು ತೊಡೆಸಂದಿ ಊದಿಸಿಕೊಂಡವನು. 14ನೇ ತಾರೀಕು ಬುಧವಾರ ಹರ್ನಿಯಾ ಆಪರೇಷನ್. ಅದೇ ನರ್ಸಿಂಗ್ ಹೋಮು. ಈಗ ಬೇಡ ಕಣ್ಲಾ, ಮುಂದಕ್ಕೆ ಹಾಕು ಅಂದೆ. ಜಾರಿದ್ದನ್ನೂ ಹೇಳಿದೆ. ನಕ್ಕುಬಿಟ್ಟ.
"ನಿನ್ ಕೈ ದಾಟಿ ಬಂದ ಮಾಲು ಕಣಣ್ಣ. ನಿನ್ನೇ ನಂಬ್ದೆ ಇನ್ಯಾರ್ನ ನಂಬನ?"
ಬಾಯಿಗೆ ಬಂದಂತೆ ಬೈದೆ. ಊಟ ಮಾಡದೆ ಬಸ್ಸು ಹತ್ತಿದ. ನಾಳೆ ಹೋಗಿ ರಟ್ಟೆ ಹಿಡಿದು ಅವನೊಬ್ಬನನ್ನು ತಡೆದೇನು. ಮಿಕ್ಕವರ ಹೊಟ್ಟೆ?

10-10
ಬಂದವನೇ ದವಡೆ ಬಿಚ್ಚಿ ಸೀಮೆಎಣ್ಣೆಯಲ್ಲಿ ಉಜ್ಜಿದೆ. ಲಕ್ಷ್ಮಿ ಹೋದರೆ ಹೋಗಲಿ. ಅದೇ ಲಾಟಿನಲ್ಲಿ ಉಳಿದಿದ್ದ ಪಟ್ಟಿ ಕಚ್ಚಿಸಿದೆ. ಶಿವರಂಜಿನಿ ಕೇಳದೆಯೇ ಬಂದು ಬಟನ್ ಒತ್ತಿದಳು. ಹರಿಯಿತು. ಇನ್ನೊಂದು. ಅದೂ ಹರಿಯಿತು. ಈ ಸಲ ಅವಳು ಅಳಲಿಲ್ಲ. ಫಾರಂ ತೆಗೆದುಕೊಂಡು ಬರೆದಳು: ಅವತ್ತು ಹರಿಯಲಿಲ್ಲ, ಜಾರಿತು; ಇವತ್ತು ಹರಿಯಿತು.
ಶಂಭುಲಿಂಗಪ್ಪ ಬೆಟ್ಟದ ದೇವಸ್ಥಾನಕ್ಕೆ ಹೋಗಿದ್ದಾರೆ, ನಾಳೆ ಬರುತ್ತಾರೆ. ಈ ಹಾಳೆ ತೆರೆದು ಅವರ ಮೇಜಿನ ಮೇಲೆ ಇಡುತ್ತೇನೆ, ಹರಿದ ಎರಡೂ ಪಟ್ಟಿ ಮೇಲಿಟ್ಟು. ಬರೆಸಿದವರು ನೀವು. ಓದಿ. ಲಾಟ್ ವಾಪಸ್ ತರಿಸುತ್ತೀರೋ, ಇಲ್ಲವೋ? ಮಂಗಳವಾರ, 13ನೇ ತಾರೀಕಿನೊಳಗೆ ಉತ್ತರ ಬೇಕು.