ಹದಿನಾಲ್ಕು ತೊಡೆ

ಪುಟ್ಟಾ,

ಎದ್ದವನೇ ಮೊದಲು ಇದನ್ನು ಓದು, ಫೋನು ಆಮೇಲೆ. ನಾನು ಐಸ್ ತರಲು ಹೊರಟೆ. ಡಬ್ಬಗಳನ್ನು ತೊಳೆದು ಬಿಸಿಲಿಗಿಡು. ಒದ್ದೆ ಡಬ್ಬಕ್ಕೆ ಲೇಬಲ್ ಅಂಟಿಸಬೇಡ ಮಹಾರಾಯ, ಈ ಸಲವಾದರೂ.

ನಮ್ಮ ಆನ್‌ಲೈನ್ ಮಾಂಸದ ಅಂಗಡಿಯಲ್ಲಿ ನಿನ್ನೆ ಒಂದೇ ದಿನಕ್ಕೆ ತೊಡೆಯೆಲ್ಲ ಖಾಲಿ. ಕುಣಿಯಬೇಡ. ದೊಡ್ಡಿಯಲ್ಲಿ ಏಳು ಕುರಿ ಎಣಿಸಿ, ಹದಿನಾಲ್ಕು ತೊಡೆ ಇದೆ ಅಂತ ಹಾಕಿದವಳು ನಾನೇ. ಏಳನೆಯದು ಕುಂಟ. ಅಪ್ಪ ಬಾಟಲಿ ಹಾಲು ಕುಡಿಸಿ ಉಳಿಸಿಕೊಂಡ ಕುಂಟ.

ಕೊನೆಯ ಎರಡು ತೊಡೆ ಕೇಳಿದವರಿಗೆ ಇಲ್ಲ ಅನ್ನೋಣವೆಂದು ನಾಲ್ಕು ಸಲ ಫೋನ್ ಎತ್ತಿ ಇಟ್ಟೆ. ಮಗಳ ಹುಟ್ಟುಹಬ್ಬಕ್ಕಂತೆ. ಆನ್‌ಲೈನ್‌ನ ಮೊದಲ ದಿನವೇ ಮಾತು ತಪ್ಪಿದರೆ ನಮ್ಮನ್ನು ಯಾರು ನಂಬುತ್ತಾರೆ?

ಹತ್ತು ಗಂಟೆಗೆ ಕುರಿ ಕಡಿಯುವವರು ಬರುತ್ತಾರೆ. ಎಷ್ಟು ಕುರಿ ಅಂತ ಕೇಳಿದರೆ, ಟೀ ಕೊಟ್ಟು ಕೂರಿಸು.

ಅಪ್ಪನಿಗೆ ಏನೂ ಹೇಳಬೇಡ ಅಂತ ಬರೆಯುವಷ್ಟರಲ್ಲಿ ಅವರೇ ಬಾಗಿಲಿಗೆ ಬಂದರು, ಹಿಂದೆಯೇ ಕುಂಟ. ಎಷ್ಟು ತೊಡೆ ಹೋಯಿತು ಅಂದರು. ಬಾಯಿ ತಪ್ಪಿ ಹದಿನಾಲ್ಕು ಅಂದುಬಿಟ್ಟೆ.

"ಆರು ಕುರಿಗೆ ಹನ್ನೆರಡೇ ಅಲ್ವೇನಮ್ಮಾ?"

ತಲೆ ತಗ್ಗಿಸಿ ಬರೆಯುತ್ತಲೇ ಇದ್ದೇನೆ. ಬರೆಯುವುದು ಮುಗಿಯಿತು, ಪುಟ್ಟಾ. ಅಪ್ಪ ಇನ್ನೂ ಬಾಗಿಲಲ್ಲೇ ನಿಂತಿದ್ದಾರೆ.

ಅಕ್ಕ